ಬಿಚ್ಚಿಟ್ಟ ಕಾರು

ಜನವರಿ 9

ಇವತ್ತಿನಿಂದ ಬರೆದಿಡೋಣ ಎಂದು ಕೂತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ. ಭಾವನ ಎದುರು ನುಂಗಿಕೊಂಡ ಮಾತುಗಳೆಲ್ಲ ಹೊಟ್ಟೆಯಲ್ಲಿ ಗಂಟು ಕಟ್ಟಿವೆ, ಇಲ್ಲಾದರೂ ಕಾರಿಕೊಂಡರೆ ನಿದ್ದೆ ಬಂದೀತು.

ಭಾವನದು ಹಳೆಯ ಕಾರುಗಳನ್ನು ಕೊಂಡು, ಬಿಚ್ಚಿ, ಹೊಸದಾಗಿ ಕಟ್ಟಿ, ದುಡ್ಡು ಕೊಳೆಯುತ್ತಿರುವವರಿಗೆ ಮಾರುವ ವರ್ಕ್‌ಶಾಪು. ಅಲ್ಲಿ ತಗಡು ಬಡಿದು ಸರಿಮಾಡುವ ಟಿಂಕರ್ ಇದ್ದಾನೆ, ಪೇಂಟರ್ ಇದ್ದಾನೆ, ಸೀಟು ಹೊಲಿಯುವ ಕುಶನ್ನಿನವನು ಇದ್ದಾನೆ. ನನ್ನ ಕೆಲಸ ಮಾತು. ಕೊಡುವುದಿಲ್ಲ ಎಂದು ಹಟ ಹಿಡಿದ ಮಾಲೀಕರ ಬಾಯಲ್ಲಿ ಕೊಡುತ್ತೇನೆ ಎನ್ನಿಸುವುದು. ಅಕ್ಕನ ತಮ್ಮ ಎಂಬ ಕಾರಣಕ್ಕೆ ಕೆಲಸ ಸಿಕ್ಕಿತು, ಅದೇ ಕಾರಣಕ್ಕೆ ಸಂಬಳ ಸಿಗಲಿಲ್ಲ. ಅವರ ಮನೆಯ ಹಿಂದಿನ ಕೋಣೆ, ಎರಡು ಹೊತ್ತು ಊಟ, ಕೈಖರ್ಚು. ವಯಸ್ಸು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಏರುತ್ತಿದೆ.

ಭಾವ ಕಾರಿಗೆ ‘ಮಾಲು’ ಅನ್ನುತ್ತಾರೆ, ಮಾಲೀಕರಿಗೆ ‘ಪಾರ್ಟಿ’. ಕೇಳಿದಾಗೆಲ್ಲ ಮೈ ಉರಿಯುತ್ತದೆ. ಒಂದು ಮನೆಯವರು ಮದುವೆಗೆ, ಹೆರಿಗೆಗೆ, ಆಸ್ಪತ್ರೆಗೆ ಓಡಿಸಿದ ಗಾಡಿ ಅದು, ಸಿಮೆಂಟು ಮೂಟೆಯಲ್ಲ.

ಇವತ್ತು ಊಟಕ್ಕೆ ಕೂತಾಗ ಹೇಳಿದರು. “ಎರಡು ಬಾಗಿಲಿನ ಆ ಮಾಡೆಲ್ ಒಂದು ಇದೆಯಂತೆ ಕಣಯ್ಯ, ರೈಲ್ವೆ ಲೈನಿನ ಆಚೆ. ತಯಾರಾಗಿದ್ದೇ ಬೆರಳೆಣಿಕೆ, ಆಮೇಲೆ ಆ ಕಂಪನೀನೇ ಮುಚ್ಚಿ ಹೋಯ್ತು. ಗಿರಾಕಿ ಈಗಲೇ ಕಾಯ್ತಾ ಕೂತಿದಾನೆ. ಅದನ್ನ ತಂದ್ಯೋ, ನಿನ್ನನ್ನ ಪಾಲುದಾರ ಮಾಡ್ತೀನಿ. ಬೋರ್ಡಿನ ಮೇಲೆ ನಿನ್ನ ಹೆಸರು.” ಅಕ್ಕನ ಮುಂದೆಯೇ ಹೇಳಿದರು. ಅಕ್ಕ ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಹಿಂದಿನ ಕೋಣೆಯಿಂದ ಹೊರಬೀಳುವ ದಾರಿ ಇಷ್ಟು ವರ್ಷದಲ್ಲಿ ಮೊದಲ ಸಲ ಕಣ್ಣಿಗೆ ಬಿತ್ತು.

ಜನವರಿ 13

ಹೋಗಿ ಬಂದೆ. ನನ್ನದೊಂದು ಪದ್ಧತಿ ಇದೆ. ಮೊದಲ ಸಲ ಹೋದಾಗ ಕಾರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಕುಡಿಯಲು ನೀರು ಕೇಳುತ್ತೇನೆ, ಗೋಡೆಯ ಬಿರುಕು ತೋರಿಸಿ ಮಳೆಗೆ ಸೋರುತ್ತದೆಯೇ ಎಂದು ವಿಚಾರಿಸುತ್ತೇನೆ, ನಾಯಿ ಇದ್ದರೆ ಅದರ ಕಿವಿ ಕೆರೆಯುತ್ತೇನೆ. ಕಾರಿನ ಸುದ್ದಿಯನ್ನು ಅವರೇ ಎತ್ತಬೇಕು. ಅಲ್ಲಿಗೆ ಅರ್ಧ ಕೆಲಸ ಆದಂತೆ.

ಈ ಮನೆಯಲ್ಲಿ ಆ ಪದ್ಧತಿ ಬಾಗಿಲಲ್ಲೇ ಕೈಕೊಟ್ಟಿತು. ಕಾರನ್ನು ನೋಡದೆ ಇರುವುದು ಹೇಗೆ, ಕಾರು ಇರುವುದೇ ಮನೆಯ ತುಂಬ. ಬಾಗಿಲು ತೆಗೆದ ಯಜಮಾನರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಕಡ್ಡಿಯಂಥ ಮನುಷ್ಯ. ನೀರು ತರುತ್ತೇನೆ, ಕೂತ್ಕೊಳ್ಳಿ ಎಂದು ತೋರಿಸಿದ್ದು ಕಾರಿನ ಮುಂದಿನ ಸೀಟನ್ನು. ಮರದ ಕಟ್ಟಿನ ಮೇಲೆ ಕೂರಿಸಿದ ಉದ್ದನೆಯ ಒಂದೇ ಸೀಟು, ಕಂದು ಚರ್ಮ, ಒಂದು ತುದಿ ಸವೆದು ಗುಳಿ ಬಿದ್ದಿದೆ. ಎದುರು ಗೋಡೆಗೆ ಡ್ಯಾಶ್‌ಬೋರ್ಡು. ಅದರ ಗೂಡಿನಲ್ಲಿ ಔಷಧಿ, ಸೂಜಿ, ದಾರ. ಅಡುಗೆಮನೆಗೆ ತಿರುಗುವ ಮೂಲೆಯಲ್ಲಿ ಸ್ಟೇರಿಂಗ್, ಅದಕ್ಕೆ ಒಗೆದ ಟವೆಲ್ಲು. ಬಚ್ಚಲಿಗೆ ಬಾಗಿಲಾಗಿ ಕಾರಿನ ಬಾಗಿಲು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೆರಳಿಗೆ ಬಾನೆಟ್ಟು. ನಗು ಬಂತು. ತುಟಿ ಕಚ್ಚಿಕೊಂಡು ಕೂತೆ.

“ಅಲ್ಲಿ ಧಾರಾಳವಾಗಿ ಕೂತ್ಕೊಳ್ಳಿ, ಅದು ಪಕ್ಕದವರ ಜಾಗ. ಈ ತುದಿ ಮಾತ್ರ ನಂದು, ಡ್ರೈವರಿಂದು,” ಎಂದು ಒಳಗಿನಿಂದ ಒಬ್ಬ ಅಮ್ಮ ಬಂದರು. ಮೇಷ್ಟ್ರ ಹೆಂಡತಿ. ಗೋಡೆ ಸವರುತ್ತ ಬರಲಿಲ್ಲ, ನೇರ ಬಂದು ಆ ಗುಳಿಯಲ್ಲಿ ಕೂತರು. ಅವರ ಕಣ್ಣು ಕಾಣುವುದಿಲ್ಲ ಎಂದು ತಿಳಿಯಲು ನನಗೆ ಟೀ ಮುಗಿಯುವವರೆಗೂ ಬೇಕಾಯಿತು.

ಫೆಬ್ರವರಿ 2

ಕಾರಿನ ಮಾತು ಎತ್ತಿದೆ. ಎತ್ತಿದ ಕೂಡಲೇ ಅಮ್ಮ ಇಳಿಸಿಬಿಟ್ಟರು. “ಮಾರೋದಿಲ್ಲಪ್ಪ. ಬೇರೆ ಏನಾದ್ರೂ ಮಾತಾಡು.”

ಕಾರು ಅಮ್ಮನ ಅಪ್ಪ ಕೊಟ್ಟದ್ದು, ದಾಖಲೆ ಮೇಷ್ಟ್ರ ಹೆಸರಿನಲ್ಲಿ. ಓಡಿಸುತ್ತಿದ್ದವರು ಅಮ್ಮ. ಮೇಷ್ಟ್ರು ಜೀವಮಾನದಲ್ಲಿ ಸ್ಟೇರಿಂಗ್ ಹಿಡಿದವರಲ್ಲ. ಹೆಂಡತಿ ಅವರನ್ನು ಶಾಲೆಯ ಗೇಟಿನಲ್ಲಿ ಇಳಿಸಿ ಹೋಗುವಾಗ ಹುಡುಗರು ಸೀಟಿ ಹೊಡೆಯುತ್ತಿದ್ದರಂತೆ. ಆಮೇಲೆ ಇಂಜಿನ್ನಿನಲ್ಲಿ ಏನೋ ಶಬ್ದ ಎಂದು ಮೇಷ್ಟ್ರು ಪುಸ್ತಕ ತಂದು ತಾವೇ ರಿಪೇರಿಗೆ ಕೈಹಾಕಿದರು.

“ಬಿಚ್ಚೋದು ಬಂತು, ಜೋಡಿಸೋದು ಬರ್ಲಿಲ್ಲ,” ಎಂದು ಅಮ್ಮ ನಕ್ಕರು. “ಒಂದೊಂದೇ ತಂದು ಮನೆ ಒಳಗಿಟ್ರು. ಮಳೆಗೆ ತುಕ್ಕು ಹಿಡಿಯುತ್ತೆ ಅಂತ. ಇಂಜಿನ್ನೊಂದನ್ನ ಮಂಚದ ಕೆಳಗೆ ತರ್ಲಿಲ್ಲ, ಪುಣ್ಯ.”

“ನಗಿಸ್ತಾ ಇರ್ಲಿ ಅಂತ ಬಿಟ್ಟಿದೀನಿ,” ಅಂದರು ಮೇಷ್ಟ್ರು.

ಕಣ್ಣು ಪೂರ್ತಿ ಹೋದ ಮೇಲೆ ಅವೇ ಅಮ್ಮನಿಗೆ ಗುರುತಾದವಂತೆ. ಸ್ಟೇರಿಂಗ್ ಸಿಕ್ಕಿದರೆ ಅಡುಗೆಮನೆ, ಬಾಗಿಲ ಹಿಡಿ ಸಿಕ್ಕಿದರೆ ಬಚ್ಚಲು, ಡ್ಯಾಶ್‌ಬೋರ್ಡಿನ ಎರಡನೇ ಗುಂಡಿಯ ಕೆಳಗೆ ಬಿ.ಪಿ. ಮಾತ್ರೆ. ಇಡೀ ಮನೆಯನ್ನು ಅವರು ಓಡಿಸಿಕೊಂಡೇ ಹೋಗುತ್ತಾರೆ.

ಫೆಬ್ರವರಿ 20

ಭಾವ: “ಏನಾಯ್ತು ಪಾರ್ಟಿ?” ನಾನು: “ಮಾತಾಡ್ತಿದೀನಿ.” ಭಾವ: “ನಿನ್ನ ಮಾತಿಗೆ ತಿಂಗಳಿಗೊಂದು ಹೊಸ ಚಪ್ಪಲಿ ಸವೀತಿದೆ, ಮಾಲಂತೂ ಕಾಣೆ.” ಟಿಂಕರ್ ಕಿಸಕ್ಕನೆ ನಕ್ಕ. ಅವನಿಗೂ ತಿಂಗಳ ಸಂಬಳವಿದೆ.

ಮಾರ್ಚ್ 11

ಈಗ ವಾರಕ್ಕೆರಡು ಸಲ ಹೋಗುತ್ತೇನೆ. ಕೆಲಸದ ಮೇಲೆಯೇ. ಬಚ್ಚಲ ನಲ್ಲಿಗೆ ವಾಷರ್ ಹಾಕಿಕೊಟ್ಟೆ, ಫ್ಯೂಸು ಕಟ್ಟಿದೆ, ಅಮ್ಮನ ರೇಡಿಯೊಗೆ ಸೆಲ್ಲು ತಂದುಕೊಟ್ಟೆ. ನಂಬಿಕೆ ಗಳಿಸುವುದೂ ಪದ್ಧತಿಯ ಭಾಗ.

ಇವತ್ತು ಅಮ್ಮ ನನ್ನನ್ನು ಡ್ರೈವರ್ ತುದಿಯಲ್ಲಿ ಕೂರಿಸಿದರು. ಕಣ್ಣು ಮುಚ್ಚು ಅಂದರು. ಮುಚ್ಚಿದೆ. ಸೀಟಿನ ಅಂಚಿನಲ್ಲಿ ಒಂದು ಹೊಲಿಗೆ ಬಿಟ್ಟಿದೆ, ಅಲ್ಲಿ ಹೆಬ್ಬೆರಳಿಟ್ಟು ಕೂರುವುದು ಅವರ ಅಭ್ಯಾಸ. “ಸಿಕ್ತಾ? ಗೇರ್ ಹಾಕೋ ಮುಂಚೆ ಹೆದರಿಕೆ ಆದ್ರೆ ಅಲ್ಲಿ ಬೆರಳಿಡ್ತಿದ್ದೆ. ಇಟ್ಟೂ ಇಟ್ಟೂ ಹೊಲಿಗೆ ಬಿಟ್ಟೋಯ್ತು.” ನನಗೂ ಅಲ್ಲಿ ಬೆರಳಿಟ್ಟಾಗ ಹಾಯೆನಿಸಿತು. ಮನೆಗೆ ಬರಲು ಮನಸ್ಸಿರಲಿಲ್ಲ. ಮೇಷ್ಟ್ರು ಬಲವಂತ ಮಾಡಿ ಊಟಕ್ಕೆ ಕೂರಿಸಿದರು. ಅಕ್ಕನ ಮನೆಯಲ್ಲಿ ಊಟ ಮುಗಿದ ಮೇಲೆ ನನ್ನ ತಟ್ಟೆ ನಾನೇ ತೊಳೆಯುತ್ತೇನೆ. ಇಲ್ಲಿ ತೊಳೆಯಲು ಎತ್ತಿದರೆ ಅಮ್ಮ ಬೈದರು, “ಹೊರಗಿನವನಾ ನೀನು, ಇಡು ಅಲ್ಲಿ.”

ಇಷ್ಟೆಲ್ಲ ಯಾಕೆ ಬರೆದೆನೋ. ಸೀಟು ಅಸಲಿ, ಚರ್ಮ ಅಸಲಿ, ಸ್ಪ್ರಿಂಗು ಗಟ್ಟಿ. ಅದು ಮುಖ್ಯ.

ಏಪ್ರಿಲ್ 6

ಇವತ್ತು ಮೇಷ್ಟ್ರ ಜೊತೆ ಅವರ ಮನೆಯ ಪಕ್ಕದ ಶೆಡ್ಡಿಗೆ ಹೋಗಿ ಉಳಿದ ಗಾಡಿಯನ್ನು ನೋಡಿದೆ. ಇಂಜಿನ್ ನಂಬರೂ ಚಾಸಿ ನಂಬರೂ ದಾಖಲೆಗೆ ತಾಳೆಯಾಗುತ್ತವೆ. ಭಾವ ಇದನ್ನು ಕೇಳಿದರೆ ಕುಣಿಯುತ್ತಾರೆ.

ಬಾನೆಟ್ಟಿಲ್ಲದ ಇಂಜಿನ್ನಿನ ಮೇಲೆ ಕೈಯಿಟ್ಟು ಮೇಷ್ಟ್ರು ಮೆಲ್ಲಗೆ ಹೇಳಿದರು, “ಇದರಲ್ಲಿ ಯಾವ ಶಬ್ದವೂ ಇರ್ಲಿಲ್ಲ.”

ನನಗೆ ಅರ್ಥವಾಗಲಿಲ್ಲ.

“ಅವಳ ಕಣ್ಣು ಮಂಜಾಗ್ತಾ ಬಂದಿತ್ತು. ಗೇಟಿನ ಕಂಬಕ್ಕೆ ಗುದ್ದಿದಳು, ಆಮೇಲೆ ಒಬ್ಬ ಸೈಕಲ್ಲಿನವನು ಕೂದಲೆಳೆಯಲ್ಲಿ ಉಳ್ಕೊಂಡ. ಡಾಕ್ಟ್ರು ಬೇಡ ಅಂದ್ರು. ಅವಳು ಕೇಳೋಳಾ? ನಿಮ್ಮನ್ನ ಯಾರು ಕರ್ಕೊಂಡು ಹೋಗ್ತಾರೆ ಅಂತ ನನ್ನ ಮೇಲೇ ಹಾಕಿದ್ಲು. ಬಾಯಿಬಿಟ್ಟು ನಿನಗೆ ಕಣ್ಣು ಕಾಣ್ಸಲ್ಲ ಅಂತ ಹೇಳೋಕೆ ನನ್ನಿಂದ ಆಗ್ಲಿಲ್ಲ. ಅದಕ್ಕೇ ಬಿಚ್ಚಿದೆ. ಗಂಡ ದಡ್ಡ, ಜೋಡಿಸೋಕೆ ಬರಲ್ಲ ಅಂತ ನಗ್ತಾಳಲ್ಲ, ನಗ್ಲಿ. ಅವಳಿಗೆ ಇದು ಗೊತ್ತಾಗ್ಬಾರದು. ಗೊತ್ತಾದ್ರೆ ಇಷ್ಟು ವರ್ಷ ನಾನೇ ಅವಳ ಕೈ ಕಟ್ಟಿ ಕೂರಿಸಿದೆ ಅಂತ ಆಗುತ್ತೆ.”

ಯಾರಿಗೂ ಹೇಳಿಲ್ಲವಂತೆ, ನನಗೆ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು.

ಏಪ್ರಿಲ್ 12

ಗಿರಾಕಿ ವರ್ಕ್‌ಶಾಪಿಗೆ ಬಂದಿದ್ದ. ಟೈಲ್ಸ್ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ನಾವೆಲ್ಲ ಟೈಲ್ಸ್ ಸಾಹುಕಾರ ಅನ್ನುತ್ತೇವೆ. ಎರಡು ವಾರದಲ್ಲಿ ಹೇಳದಿದ್ದರೆ ಬೇರೆ ಊರಿನಲ್ಲಿ ಬೇರೆ ಗಾಡಿ ನೋಡುತ್ತಾನಂತೆ. ಅವನನ್ನು ಗೇಟಿನವರೆಗೆ ಬಿಟ್ಟು ಬಂದ ಭಾವ ಎಲ್ಲರ ಮುಂದೆ ಹೇಳಿದರು, “ಇವನಿಗೆ ಕೊಟ್ಟ ಮಾತು ಮರ್ತುಬಿಡೋಣ. ಹಿಂದಿನ ಕೋಣೆ ಇದ್ದೇ ಇದೆಯಲ್ಲ.”

ಅಕ್ಕ ರಾತ್ರಿ ತಟ್ಟೆಗೆ ಇನ್ನೊಂದು ಸೌಟು ಹೆಚ್ಚಿಗೆ ಹಾಕಿದಳು. ಅದು ಭಾವನ ಮಾತಿಗಿಂತ ಹೆಚ್ಚು ಚುಚ್ಚಿತು.

ಏಪ್ರಿಲ್ 15

ನಾನೇನೂ ತಪ್ಪು ಮಾತಾಡಲಿಲ್ಲ. ಮೇಷ್ಟ್ರು ಹಾಲು ತರಲು ಹೊರಟಿದ್ದರು, ಜೊತೆಗೆ ನಡೆದೆ. ಮಾರುವುದೇ ಮೇಲು, ಇಲ್ಲದಿದ್ದರೆ ಇನ್ನೊಂದೆರಡು ಮಳೆಗಾಲಕ್ಕೆ ಚಾಸಿ ತುಕ್ಕು ತಿಂದು ಕೂರುತ್ತದೆ ಎಂದೆ. ಅವರು ಅದೇ ರಾಗ, ಅವಳು ಒಪ್ಪುವುದಿಲ್ಲ ಎಂದು. ಆಗ ನಾನು ಕೇಳಿದೆ, ಅಷ್ಟೇ. “ಬಿಚ್ಚಿದ್ದು ಯಾಕೆ ಅಂತ ಅಮ್ಮನಿಗೆ ಗೊತ್ತಾದ್ರೆ ಒಪ್ತಾರೇನೋ ಸಾರ್? ಬೇಕಾದ್ರೆ ನಾನೇ ಮೆಲ್ಲಗೆ ಹೇಳಿ ನೋಡ್ಲಾ?”

ಕೇಳುವುದರಲ್ಲಿ ಏನಿದೆ. ಒಳ್ಳೆಯದಕ್ಕೇ ಕೇಳಿದೆ. ಮೇಷ್ಟ್ರು ಹಾಲಿನ ಅಂಗಡಿ ದಾಟಿ ಹೋಗಿಬಿಟ್ಟರು, ನಾನು ಕೂಗಿ ಕರೆದು ನಿಲ್ಲಿಸಬೇಕಾಯಿತು. ತಿರುಗಿ ಬಂದವರು ನನ್ನನ್ನು ಮತ್ತೆ ‘ನೀವು’ ಎಂದು ಕರೆದರು. “ನೀವು ನಾಳಿದ್ದು ಬನ್ನಿ,” ಅಂದರು.

ಏಪ್ರಿಲ್ 17

ಒಪ್ಪಿದರು.

ಏಪ್ರಿಲ್ 18

ನಿನ್ನೆ ಸಂಭ್ರಮದಲ್ಲಿ ಬರೆಯಲಾಗಲಿಲ್ಲ. ಕಾಗದಪತ್ರಕ್ಕೆ ಮೇಷ್ಟ್ರು ಶೆಡ್ಡಿನಲ್ಲೇ ಸಹಿ ಹಾಕಿದರು. ಭಾವ ಹೇಳಿದ ಬೆಲೆಗೇ, ಚೌಕಾಸಿ ಮಾಡಲಿಲ್ಲ. ಅಮ್ಮನಿಗೆ ಮಾರಿದ ಸುದ್ದಿ ತಿಳಿಯಬಾರದು, ರಿಪೇರಿಗೆ ಹೋಗುತ್ತಿದೆ ಎಂದು ಹೇಳುವುದು. ಹಾಗೆಂದು ಅವರೇ ಹೇಳಿದ್ದು, ನಾನು ಹೇಳಿಕೊಟ್ಟದ್ದಲ್ಲ.

ಅಮ್ಮನಿಗೆ ಖುಷಿಯೋ ಖುಷಿ. “ಅಂತೂ ನಿಮ್ಮ ಕೈಲಿ ಆಗ್ಲಿಲ್ಲ ಅಂತ ಒಪ್ಕೊಂಡ್ರಲ್ಲ,” ಎಂದು ಮೇಷ್ಟ್ರನ್ನು ಕೆಣಕಿದರು. ಆಮೇಲೆ ನನ್ನ ಕೈಹಿಡಿದು ಸೀಟಿನ ಮೇಲಿಟ್ಟರು. “ಇದನ್ನ ಹೊಲಿಸು, ಬದಲಾಯಿಸಬೇಡ. ಹರಿದಿದ್ರೆ ಹರಿದಿರ್ಲಿ. ನೀನು ಇದೀಯ ಅಂತ ಧೈರ್ಯವಾಗಿ ಕಳಿಸ್ತಿದೀನಿ.”

“ಆಯ್ತು ಅಮ್ಮ,” ಎಂದೆ. ಬೇರೆ ಏನು ಹೇಳುವುದು.

ಮೇ 3

ಲಾರಿ ತಂದು ಎಲ್ಲ ಸಾಗಿಸಿದೆವು. ಬರಿಗೈಯಲ್ಲಿ ಹೋಗಲಿಲ್ಲ, ಭಾವನಿಗೆ ಹೇಳಿ ಅಂಗಡಿಯಿಂದ ಸೋಫಾ ತರಿಸಿದ್ದೆ, ಬಚ್ಚಲಿಗೆ ಪ್ಲಾಸ್ಟಿಕ್ ಬಾಗಿಲು, ಟವೆಲ್ಲಿಗೆ ಸ್ಟೀಲ್ ಕಂಬಿ, ಮಾತ್ರೆಗೆ ಗೋಡೆಗೆ ತಗುಲಿಸುವ ಡಬ್ಬಿ. ಎಲ್ಲ ಹೊಸದು. ಮೇಷ್ಟ್ರು ಒಂದನ್ನೂ ಮುಟ್ಟಲಿಲ್ಲ, ಹಿತ್ತಲಿನಲ್ಲೇ ನಿಂತಿದ್ದರು. ಬಾನೆಟ್ಟು ಇಳಿಸಿದ ಮೇಲೆ ಒಗೆಯುವ ಕಲ್ಲಿನ ಮೇಲೆ ಬಿಸಿಲು ಬಿತ್ತು.

ಸೀಟು ಎತ್ತುವಾಗ ಅಮ್ಮ ಎದ್ದು ನಿಂತರು. ಎದ್ದವರಿಗೆ ಮತ್ತೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ನಾನೇ ಕೈಹಿಡಿದು ಸೋಫಾದ ಮೇಲೆ ಕೂರಿಸಿದೆ. “ಮೆತ್ತಗಿದೆ,” ಅಂದರು. ಮೆತ್ತಗಿರುವುದನ್ನು ಆಕ್ಷೇಪಣೆಯ ಹಾಗೆ ಹೇಳಿದ್ದನ್ನು ನಾನು ಇವರ ಬಾಯಲ್ಲೇ ಕೇಳಿದ್ದು.

ಮೇ 14

ಒಂದು ಸಹಿ ಬಾಕಿಯಿತ್ತು, ಹೋಗಿದ್ದೆ. ಅಮ್ಮನ ಹಣೆ ಊದಿ ನೀಲಿಗಟ್ಟಿದೆ. ಸ್ಟೇರಿಂಗ್ ಇದ್ದ ಮೂಲೆಯಲ್ಲಿ ಗೋಡೆಗೆ ಬಡಿದುಕೊಂಡರಂತೆ. ಸ್ಟೀಲ್ ಕಂಬಿ ಒಂದು ಗೇಣು ಆಚೆ ಹಾಕಿದ್ದು ನಮ್ಮವನ ತಪ್ಪು, ನನ್ನದಲ್ಲ. ಅಭ್ಯಾಸವಾಗುತ್ತದೆ.

“ಯಾವಾಗ ಆಗುತ್ತಪ್ಪ ನಮ್ಮ ಗಾಡಿ?” ಎಂದು ಕೇಳಿದರು.

“ಕೆಲಸ ಶುರುವಾಗಿದೆ ಅಮ್ಮ.” ಇದು ಸುಳ್ಳಲ್ಲ.

ಟೀ ಕುಡಿಯಲು ಕೂರಲಿಲ್ಲ. ಮೇಷ್ಟ್ರೂ ಕೂರು ಎನ್ನಲಿಲ್ಲ.

ಜೂನ್ 21

ಬಾಡಿ ಪೂರ್ತಿ ಕೆರೆದಾಯಿತು. ಪುಟ್ಟಿ, ಪ್ರೈಮರು. ಟಿಂಕರ್ ಪರವಾಗಿಲ್ಲ, ಕೈ ಚುರುಕು. ಇಂಥ ಮಾಲು ಅವನೂ ನೋಡಿರಲಿಲ್ಲವಂತೆ.

ಜುಲೈ 22

ಟೈಲ್ಸ್ ಸಾಹುಕಾರ ಬಂದಿದ್ದ. ಸೀಟು ನೋಡಿ ಮೂಗು ಮುರಿದ. “ಹಳೇ ಗಾಡಿ ಬೇಕು ಅಂದೆ ನಿಜ. ಆದ್ರೆ ಹಳೇದರ ಥರ ಕಾಣ್ಬಾರ್ದು.”

ನಾನು ಒಂದು ಮಾತು ಹೇಳಿದೆ. ಅಸಲಿ ಚರ್ಮ, ಒಳಗಿನಿಂದ ತೇಪೆ ಕೊಟ್ಟರೆ ಹೊರಗೆ ಕಾಣುವುದಿಲ್ಲ, ಬಲ್ಲವರು ಇದನ್ನೇ ಹುಡುಕಿಕೊಂಡು ಬರುತ್ತಾರೆ ಎಂದು. ಅವನು ಭಾವನ ಮುಖ ನೋಡಿದ. ಭಾವ ನನ್ನ ಮುಖ ನೋಡಿದರು. ಪಾಲುದಾರಿಕೆಯ ಪತ್ರ ಇನ್ನೂ ವಕೀಲರ ಹತ್ತಿರವೇ ಇದೆ. ಒಂದು ಸಲ ಹೇಳಿದ್ದೇನಲ್ಲ, ನನ್ನ ಕರ್ತವ್ಯ ಮುಗಿಯಿತು.

ಕುಶನ್ನಿನವನು ಚರ್ಮ ಸುಲಿದು, ನಾರು ಕಿತ್ತು, ಸ್ಪ್ರಿಂಗು ಸಮೇತ ತೆಗೆದ. ಹೊಸ ಫೋಮು, ಹಾಲಿನ ಬಣ್ಣದ ಹೊಸ ಚರ್ಮ. ಹಳೆಯದನ್ನು ಸಂಜೆ ವರ್ಕ್‌ಶಾಪಿನ ಹಿಂದೆ ಸುಟ್ಟರು. ನಾರು ಬೇಗ ಹತ್ತಿಕೊಂಡಿತು, ಚರ್ಮದ ವಾಸನೆ ಮಾತ್ರ ತುಂಬ ಹೊತ್ತು ಬರುತ್ತಿತ್ತು. ಊಟ ಸೇರಲಿಲ್ಲ. ಹೊಗೆಗೆ ಇರಬೇಕು.

ಸೆಪ್ಟೆಂಬರ್ 28

ಮಾಲು ತಯಾರು. ಬಗ್ಗಿದರೆ ಮುಖ ಕಾಣುವಷ್ಟು ಪಾಲಿಶು. ಸಾಹುಕಾರ ಮುಂದಿನ ತಿಂಗಳು ಒಯ್ಯುತ್ತಾನೆ. ಪತ್ರಿಕೆಯವರು ಫೋಟೊ ತೆಗೆದುಕೊಂಡು ಹೋದರು, ಭಾವ ನನ್ನನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡರು. ಹೆಗಲ ಮೇಲೆ ಕೈ ಹಾಕಿದರು. ಭಾವ ಕೆಟ್ಟವರಲ್ಲ, ವ್ಯಾಪಾರ ನಡೆಸುವವರ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ.

ಅಕ್ಟೋಬರ್ 6

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಪಾರ್ಟಿ ವರ್ಕ್‌ಶಾಪಿಗೇ ಬಂದುಬಿಟ್ಟರು. ಗಂಡ ಹೆಂಡತಿ ಇಬ್ಬರೂ, ಆಟೋದಲ್ಲಿ. ಹೇಳಿ ಬರಲಿಲ್ಲ. ಪಕ್ಕದ ಮನೆಯವರು ಪತ್ರಿಕೆಯ ಸುದ್ದಿ ಓದಿ ಹೇಳಿದರಂತೆ, ನಿಮ್ಮ ಗಾಡಿ ಆಗಿದೆಯಲ್ಲ ಎಂದು. ಅಮ್ಮ ಕೂತಲ್ಲಿ ಕೂರಲಿಲ್ಲ, ಕರ್ಕೊಂಡು ಹೋಗಿ ಅಂತ ಹಟ ಹಿಡಿದರು ಎಂದು ಮೇಷ್ಟ್ರು ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಗಾಡಿಯ ಕಡೆ ನೋಡುತ್ತಿದ್ದರು. ಅವರಿಗೆ ಕಣ್ಣು ಕಾಣುತ್ತದೆ.

ಅಮ್ಮ ಒಳ್ಳೆಯ ಸೀರೆ ಉಟ್ಟಿದ್ದರು. ಅವರ ಕೈಹಿಡಿದು ಗಾಡಿಯ ಹತ್ತಿರ ಕರೆದುಕೊಂಡು ಹೋದೆ. ಬಾಗಿಲು ಸವರಿದರು, ಹಿಡಿ ಸವರಿದರು. ಹಿಡಿಗೆ ಹೊಸ ಕ್ರೋಮು ಹಾಕಿದ್ದೇವೆ. ಒಳಗೆ ಕೂತು ಬಾಗಿಲು ಹಾಕಿಕೊಂಡರು. ಸೀಟಿನ ಅಂಚಿಗೆ ಹೆಬ್ಬೆರಳು ತಂದು ಅಲ್ಲೇ ಹುಡುಕಿದರು. ಆಚೆ ಹುಡುಕಿದರು, ಈಚೆ ಹುಡುಕಿದರು. ಕುಶನ್ನಿನವನ ಹೊಲಿಗೆ ಎಲ್ಲೂ ಬಿಟ್ಟಿಲ್ಲ.

ಸ್ವಲ್ಪ ಹೊತ್ತು ಹಾಗೇ ಕೂತು ಇಳಿದರು. ಸೆರಗು ಸರಿಮಾಡಿಕೊಂಡರು.

“ಚೆನ್ನಾಗಿದೆ. ಯಾರದ್ದಪ್ಪ ಇದು?” ಎಂದು ಕೇಳಿದರು. “ನಮ್ಮದು ಎಲ್ಲಿ?”

ಟಿಂಕರ್ ಸುತ್ತಿಗೆ ನಿಲ್ಲಿಸಿದ. ಭಾವ ತಮ್ಮ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಮೇಷ್ಟ್ರ ಕಡೆ ನೋಡಿದೆ. ಅವರೇ ಏನಾದರೂ ಹೇಳಿ ಸಂಭಾಳಿಸುತ್ತಾರೆ ಎಂದುಕೊಂಡೆ. ಇಷ್ಟು ವರ್ಷ ಸಂಭಾಳಿಸಿದವರಲ್ಲವೇ.

“ನೀವೇ ಹೇಳಿ,” ಅಂದರು ಮೇಷ್ಟ್ರು. “ಮಾತು ನಿಮಗೆ ಬರುತ್ತಲ್ಲ.”

“ಇದು ಬೇರೆಯವರದ್ದು ಅಮ್ಮ,” ಎಂದೆ. “ನಿಮ್ಮದು ಒಳಗಿದೆ. ಮುಂದಿನ ತಿಂಗಳು ಆಗುತ್ತೆ.”

“ಹಾಗಾದ್ರೆ ಸರಿ,” ಎಂದರು ಅಮ್ಮ. “ಅವಸರ ಇಲ್ಲ, ಸರಿಯಾಗಿ ಮಾಡು.” ಮೇಷ್ಟ್ರು ಅವರ ತೋಳು ಹಿಡಿದು ಆಟೋ ಹತ್ತಿಸಿದರು. ನಾನು ಗೇಟಿನವರೆಗೆ ಹೋಗಲಿಲ್ಲ. ನಾಚಿಕೆಯಾಯಿತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆ.

ಅಕ್ಟೋಬರ್ 30

ಬೋರ್ಡು ಬಂತು. ಭಾವನ ಹೆಸರಿನ ಕೆಳಗೆ ನನ್ನದು, ಸ್ವಲ್ಪ ಸಣ್ಣ ಅಕ್ಷರ. ಊರಿನ ಆ ಕೊನೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ, ಎರಡು ಕೋಣೆ, ಎರಡೂ ಮುಂದಿನವು. ಅಕ್ಕ ಪಾತ್ರೆಗಳನ್ನು ಕಟ್ಟಿಕೊಟ್ಟಳು. ಕಟ್ಟುತ್ತ, “ನೀನು ಈಗೀಗ ಮಾತಾಡೋದು ಥೇಟ್ ಇವರ ಹಾಗೇ,” ಅಂದಳು. ಹೊಗಳಿಕೆ ಎಂದುಕೊಂಡು ನಕ್ಕೆ. ಅಕ್ಕ ನಗಲಿಲ್ಲ. ಹೆಂಗಸರಿಗೆ ತಮ್ಮ ಮನೆ ಬಿಟ್ಟು ಹೋಗುತ್ತಾನೆಂದರೆ ದುಃಖವಾಗುತ್ತದೆ, ಸಹಜ.

ನವೆಂಬರ್ 5

ಅಮ್ಮ ಫೋನ್ ಮಾಡಿದ್ದರು. ಮೇಷ್ಟ್ರು ನಂಬರ್ ಒತ್ತಿಕೊಟ್ಟು ಪಕ್ಕದಲ್ಲೇ ಕೂತಿರುತ್ತಾರೆ, ಉಸಿರು ಕೇಳುತ್ತದೆ. ಗಾಡಿ ಎಲ್ಲಿಗೆ ಬಂತು ಎಂದು ಕೇಳಿದರು. ಬಾಡಿಯ ಕೆಲಸ ಮುಗಿಯಿತು, ಸೀಟು ಹೊಲಿಯುತ್ತಿದ್ದಾರೆ ಎಂದೆ. ಭಾವ ಆ ನಂಬರ್ ಬ್ಲಾಕ್ ಮಾಡು ಎಂದರು. ಮಾಡಲಿಲ್ಲ. ನನಗೂ ಸ್ವಲ್ಪ ಮನುಷ್ಯತ್ವ ಇದೆ.

ನವೆಂಬರ್ 19

ಮತ್ತೆ ಫೋನ್. ಈ ಸಲ ವಿವರವಾಗಿ ಹೇಳಿದೆ. ಹಳೆಯ ಚರ್ಮವನ್ನು ಎಣ್ಣೆ ಹಾಕಿ ಮೆತ್ತಗೆ ಮಾಡಿದ್ದೇವೆ, ಹರಿದಲ್ಲಿ ಒಳಗಿನಿಂದ ತೇಪೆ, ನಾರು ಅದೇ, ಸ್ಪ್ರಿಂಗು ಅದೇ, ಆ ಬಿಟ್ಟ ಹೊಲಿಗೆಯನ್ನು ಮಾತ್ರ ಬೇಕೆಂದೇ ಹಾಗೆಯೇ ಬಿಡಿಸಿದ್ದೇನೆ ಎಂದೆ. ಹೇಳುತ್ತ ಹೋದಂತೆ ನನಗೇ ಅದು ಕಣ್ಣಿಗೆ ಕಟ್ಟಿತು. ಎಷ್ಟು ಚೆನ್ನಾಗಿ ಆಗುತ್ತಿತ್ತು. ಅಮ್ಮ ಹೂಂಗುಟ್ಟುತ್ತ ಕೇಳಿದರು. ಅವರಿಗೆ ಸಮಾಧಾನವಾಯಿತು, ಅದರಿಂದ ಯಾರಿಗೇನು ನಷ್ಟ.

ಡಿಸೆಂಬರ್ 8

ಮೂರು ದಿನ ಬೇರೆ ಊರಿನಲ್ಲಿದ್ದೆ. ಅಲ್ಲೊಂದು ಮಾಲು ಇದೆ. ಪಾರ್ಟಿ ಮುದುಕ, ಹಟಮಾರಿ, ಆದರೆ ಮಗಳ ಮೇಲೆ ಪ್ರಾಣ. ದಾರಿ ಸಿಗುತ್ತದೆ.

ಬಸ್ಸಿಳಿಯುವಾಗ ಅಮ್ಮನ ಫೋನ್ ಬಂತು. ನಾನು ವಾಡಿಕೆಯಂತೆ ಕೀಲು, ಬಾಗಿಲು, ಬಣ್ಣ ಎಂದು ಶುರು ಮಾಡಿದೆ. ಅವರು ತಡೆದರು.

“ನಿಲ್ಸು. ಇವರು ಔಷಧಿ ಅಂಗಡಿಗೆ ಹೋಗಿದಾರೆ. ಪಕ್ಕದ ಮನೆಯೋಳ ಹತ್ರ ನಂಬರ್ ಒತ್ತಿಸ್ಕೊಂಡೆ.” ದನಿ ತಗ್ಗಿಸಿದರು. “ಅವತ್ತು ನಾನು ಕೂತಿದ್ದು ನಮ್ಮ ಗಾಡೀಲೇ. ಬಾಗಿಲು ಮುಚ್ಚಿದ ಶಬ್ದದಲ್ಲೇ ಗೊತ್ತಾಯ್ತು. ಇವರು ಪಕ್ಕದಲ್ಲಿ ನಡುಗ್ತಾ ನಿಂತಿದ್ರು, ಅದಕ್ಕೇ ಹಾಗೆ ಕೇಳಿದೆ. ಮಾರಿದ್ದು ನಂಗೆ ತಿಳೀಬಾರ್ದು ಅಂತ ಇವರಿಗೆ ಆಸೆ. ಇರ್ಲಿ.”

ನಾನು ರಸ್ತೆಯ ಬದಿಗೆ ಸರಿದು ನಿಂತೆ.

“ಇವರಿಗೆ ಏನು ಹೇಳಿ ಹೆದರಿಸ್ದೆ ನೀನು? ಬೇಕೂಂತ ಬಿಚ್ಚಿದ್ದು ಅಂತ ನಂಗೆ ಹೇಳ್ತೀನಿ ಅಂತಾನಾ? ಅದು ಬಿಚ್ಚಿದ ದಿನವೇ ಗೊತ್ತಿತ್ತಪ್ಪ ನಂಗೆ. ಡ್ರಾಯಿಂಗ್ ಮೇಷ್ಟ್ರು ಸ್ಪ್ಯಾನರ್ ಹಿಡಿದ್ರೆ ಯಾವ ಹೆಂಡ್ತಿಗೆ ಗೊತ್ತಾಗಲ್ಲ. ನಾನು ನಗ್ತಾ ಇದ್ರೆ ಇವರಿಗೆ ಸಮಾಧಾನ, ನಗ್ತಾ ಇದ್ದೆ.”

ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟೆ.

“ಬೈಯೋಕೆ ಫೋನ್ ಮಾಡಿದ್ದಲ್ಲ. ಗಾಡಿ ಹೋಗ್ಲಿ. ಆ ಸೀಟಿನ ಹಳೇ ಚರ್ಮ ಎಲ್ಲಿ ಹಾಕಿದ್ರಿ, ಅಷ್ಟು ಹೇಳು. ಒಂದು ತುಂಡಾದ್ರೂ ಇದ್ರೆ ಕಳಿಸಿಕೊಡು. ಇಲ್ಲ ಅಂದ್ರೆ ಇಲ್ಲ ಅನ್ನು. ನಿಜ ಹೇಳು, ನಾನು ಯಾರಿಗೂ ಹೇಳಲ್ಲ.”

ನಿಜವನ್ನೇ ಹೇಳಬೇಕೆಂದಿದ್ದೆ. ಸುಟ್ಟರು ಅಮ್ಮ, ನಾನು ನಿಂತು ನೋಡಿದೆ. ಇಷ್ಟೇ ಮಾತು. ಬಾಯಿ ತೆರೆದೆ.

“ಮುಂದಿನ ತಿಂಗಳು ಆಗುತ್ತೆ ಅಮ್ಮ,” ಎಂದೆ.

ಅವರು ಇನ್ನೂ ಕಾಯುತ್ತಿದ್ದರು. ಆಮೇಲೆ ಫೋನ್ ಇಡುವ ಗುಂಡಿ ಹುಡುಕುತ್ತಿರುವ ಸದ್ದು ಕೇಳಿಸಿತು. ಅದು ಅವರಿಗೆ ಬೇಗ ಸಿಗಲಿಲ್ಲ.